ಡಿಸ್‌ಪ್ಲೇ ಬಂದಿಲ್ಲ

ಕುಂಬಳೆ ಸ್ಟೇಷನ್ ರಸ್ತೆಯಲ್ಲಿ ನನ್ನದು ಎಂಟಡಿ ಅಂಗಡಿ.
ಒಡೆದ ಗಾಜು ತರುತ್ತಾರೆ, ಎಲ್ಲರಿಗೂ ಅವಸರ:
ಈಗಲೇ ಬೇಕು, ಸಂಜೆಗೆ ಬೇಕು,
ನೀವು ಮಾಡಿ ಅಣ್ಣ, ನಾನು ಇಲ್ಲೇ ಕೂರ್ತೇನೆ.
ಕೂತವರ ಕೈ ನೋಡಿದ್ದೇನೆ ನಾನು.
ಖಾಲಿ ಅಂಗೈಯ ಮೇಲೆ ಹೆಬ್ಬೆರಳು
ತನ್ನಷ್ಟಕ್ಕೆ ತಾನೇ ಜಾರುತ್ತಿರುತ್ತದೆ,
ಕಡಿದು ಬಿದ್ದ ಹಲ್ಲಿಬಾಲದ ಹಾಗೆ.

ಆ ಹುಡುಗಿ ಮಾತ್ರ, ಜೋವಿಟಾ,
ಬೇಳದ ಕಡೆಯವಳು, ಪ್ಲಸ್ ವನ್,
ಫೋನನ್ನು ಮೇಜಿನ ಮೇಲೆ ಕವುಚಿಟ್ಟು ಕೇಳಿದಳು:
"ಎಷ್ಟು ತಡ ಮಾಡ್ಲಿಕ್ಕೆ ಆಗ್ತದೆ ನಿಮಗೆ?"

ಅರ್ಥವಾಗಲಿಲ್ಲ. ಒಂದು ಗಂಟೆ ಸಾಕು, ಅಂದೆ.
"ಅಲ್ಲ. ಅಪ್ಪ ಕೇಳಿದ್ರೆ
ಮಂಗಳೂರಿಂದ ಡಿಸ್‌ಪ್ಲೇ ಬರಲಿಲ್ಲ ಅಂತ ಹೇಳಿ.
ಬೇಡ ಅಂತ ನಾನೇ ಬಿಟ್ರೆ ಎಂತಾಯ್ತು ಅಂತ ಕೇಳ್ತಾರೆ.
ಹಾಳಾದ್ರೆ ಯಾರೂ ಕೇಳುದಿಲ್ಲ."

ಒಡೆದದ್ದು ಮೂಲೆಯಲ್ಲಲ್ಲ, ನಟ್ಟ ನಡುವೆ.
ಕೈಜಾರಿದ ಫೋನು ಹಾಗೆ ಒಡೆಯುವುದಿಲ್ಲ.
ನಾನು ಕೇಳಲಿಲ್ಲ, ಸ್ಕ್ರೂ ಬಿಚ್ಚುತ್ತ ಕೂತೆ.
ಅವಳೇ ಹೇಳಿದಳು.

ಶಾಲೆಯ ಕಲೋತ್ಸವ. ನಿರೂಪಣೆಗೆ ಇವಳನ್ನು ಹಾಕಿದ್ದರು.
ಹತ್ತರವರೆಗೆ ಕನ್ನಡದಲ್ಲೇ ಓದಿದವಳು,
ಮಲಯಾಳವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು
ಎರಡು ರಾತ್ರಿ ಬಾಯಿಪಾಠ ಮಾಡಿದ್ದಳು.
ಯಾವುದೋ ಕುಣಿತದ ಹೆಸರು ಹೇಳುವಾಗ
ಮೞ ಅನ್ನಬೇಕಾದಲ್ಲಿ ಮಳ ಅಂದಳು.
ಅಷ್ಟೇ.
ಹನ್ನೊಂದು ಸೆಕೆಂಡು ಯಾರೋ ಕತ್ತರಿಸಿದರು.
ಮತ್ಯಾರೋ ಅದರಿಂದ ಬಾಯಿ ತೆರೆದ ಮುಖವಷ್ಟನ್ನೇ ಕತ್ತರಿಸಿ
ಸ್ಟಿಕರ್ ಮಾಡಿದರು.

"ಈಗ ಯಾರಿಗೆ ನಗು ಬಂದ್ರೂ ನನ್ನನ್ನು ಕಳಿಸ್ತಾರೆ.
ನಂಗೂ ಕಳಿಸ್ತಾರೆ,
ಅದು ನಾನೇ ಅಂತ ಗೊತ್ತಿಲ್ಲದವರು."

ೞ.
ನಮ್ಮಲ್ಲೂ ಇತ್ತಂತೆ ಈ ಅಕ್ಷರ. ಎಂಟನೆಯಲ್ಲಿ
ಶಂಭು ಮಾಸ್ತರರು ಬೋರ್ಡಿನಲ್ಲಿ ಬಿಡಿಸಿದ್ದರು,
ಶಾಸನಗಳಲ್ಲಿ ಸಿಗುತ್ತದೆ ಎಂದು, ಕೂಡಲೇ ಒರೆಸಿದ್ದರು.
ಇಡೀ ಕನ್ನಡ ಯಾವತ್ತೋ ಕಳಕೊಂಡದ್ದನ್ನು
ಹದಿನಾರರ ಹುಡುಗಿ ಒಬ್ಬಳೇ
ಮೈಕಿನ ಮುಂದೆ ನಿಂತು ಹುಡುಕಿ ಕೊಡಬೇಕಿತ್ತು.

ಹೊಸ ಡಿಸ್‌ಪ್ಲೇ ಅಂದು ಸಂಜೆಯೇ ಕೂರಿಸಿದೆ,
ಡ್ರಾಯರಿನಲ್ಲಿಟ್ಟೆ.
ರಾತ್ರಿ ಶಟರ್ ಎಳೆಯುವಾಗ
ಡ್ರಾಯರಿನ ಸೀಳಿನಲ್ಲಿ ಬೆಳಕು ಬಂತು, ಹೋಯಿತು, ಬಂತು.
ಒಳಗೆ ಯಾರೋ ಕಡ್ಡಿ ಗೀರಿ ಗೀರಿ
ಇವಳನ್ನು ಹುಡುಕುತ್ತಿದ್ದ ಹಾಗೆ.
ಆಫ್ ಮಾಡಿದೆ. ಮೊದಲೇ ಮಾಡಬೇಕಿತ್ತು.

ಗುರುವಾರ ಅಪ್ಪ ಬಂದರು, ಕೈಗೆ ರಬ್ಬರಿನ ವಾಸನೆ.
ಬರಲಿಲ್ಲ, ಅಂದೆ.
ಶುಕ್ರವಾರ, ಬಂದದ್ದು ಬೇರೆ ಮಾಡೆಲ್, ಅಂದೆ.
"ಪಾಪ ಮಾರಾಯ್ರೆ, ಫೋನಿಲ್ಲದೆ
ಉಂಡು ಒಂಬತ್ತಕ್ಕೇ ಮಲಗ್ತಾಳೆ ಈಗ," ಅಂದರು
ಕಾಯಿಲೆಯ ಸುದ್ದಿ ಹೇಳಿದ ಹಾಗೆ.

ಶನಿವಾರ ರಾತ್ರಿ ನಮ್ಮ ಮನೆಯ ಗ್ರೂಪಿನಲ್ಲಿ
ಅಕ್ಕನ ಮಗ ಎಂತದೋ ತಮಾಷೆಗೆ ಉತ್ತರ ಹಾಕಿದ:
ಬಾಯಿ ತೆರೆದ ಒಂದು ಮುಖ.
ಒತ್ತಿ ನೋಡಿದರೆ ನನ್ನಲ್ಲಿ ಮೊದಲೇ ಇತ್ತು,
ಇಷ್ಟದ್ದರ ಸಾಲಿನಲ್ಲಿ, ನಕ್ಷತ್ರ ಹಾಕಿ ಇಟ್ಟದ್ದು.
ಭಾವನಿಗೆ, ಬ್ಯಾಟರಿ ತಂದುಕೊಡುವ ಸಿರಾಜನಿಗೆ
ಅವನ ರೇಟು ಕೇಳಿ ನಗು ಬಂದಾಗೆಲ್ಲ
ಕಳಿಸಿದ್ದೇನೆ. ಐದೋ ಆರೋ ಸಲ.
ಐದು ದಿನದಿಂದ ಆ ಮುಖ
ಕಣ್ಣೆದುರಿಗಿದ್ದರೂ ಗುರುತು ಹತ್ತಿರಲಿಲ್ಲ,
ಬಾಯಿ ಮುಚ್ಚಿತ್ತಲ್ಲ.

ಅಳಿಸಿದೆ. ನನ್ನದರಿಂದ ಮಾತ್ರ ಹೋಯಿತು.

ಸೋಮವಾರ ಶಾಲೆಯ ಚೀಲ ಹೊತ್ತು ಬಂದಳು.
ಫೋನು ಕೊಟ್ಟೆ. ಕೂಲಿ ಬೇಡ, ಅಂದೆ.
"ಯಾಕೆ?"
ಹೇಳಲೆಂದು ಬಾಯಿ ತೆರೆದೆ.
ತೆರೆದದ್ದು ಹಾಗೇ ಇತ್ತು.
ಹನ್ನೊಂದು ಸೆಕೆಂಡು ಆಗಿರಬಹುದು.

ಆನ್ ಮಾಡದೆ ಚೀಲಕ್ಕೆ ಹಾಕಿಕೊಂಡಳು.
ರಸ್ತೆ ದಾಟಿ ಬದಿಯಡ್ಕ ಬಸ್ಸಿಗೆ ನಿಂತಳು.
ನಾನು ಅವಳ ಹೆಬ್ಬೆರಳು ನೋಡಿದೆ.
ಮಧ್ಯೆ ಲಾರಿಗಳು. ಸರಿಯಾಗಿ ಕಾಣಲಿಲ್ಲ.